ಮಳೆಗಾಲಕ್ಕೊಂದು ಹಳೆಯ ಕಾರು

ನಮ್ಮ ಮನೆಗೆ ಕಾರು ಬಂದದ್ದು ನನಗೆ 72 ತುಂಬಿದ ಮೇಲೆ. ಅಲ್ಲಿಯವರೆಗೆ ಮೊದಲು ಸೈಕಲ್, ಆಮೇಲೆ ಸ್ಕೂಟರ್. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿ ದುಡಿದವನಿಗೆ ಅಷ್ಟು ಸಾಕಾಗಿತ್ತು. ಆದರೆ ಮನೆಯವಳ ಮೊಣಕಾಲು ಒಪ್ಪಬೇಕಲ್ಲ? ಬಸ್ಸಿನ ಮೆಟ್ಟಿಲು ಹತ್ತುವುದು ಅವಳಿಗೆ ದಿನದಿಂದ ದಿನಕ್ಕೆ ಕಷ್ಟವಾಗುತ್ತಿತ್ತು. ನಾವಿರುವುದು ಶಿವಮೊಗ್ಗದಲ್ಲಿ. ಅವಳ ತವರು ತೀರ್ಥಹಳ್ಳಿಯ ಹತ್ತಿರ, ನನ್ನ ತಂಗಿ ಉಡುಪಿಯಲ್ಲಿ. ಹಬ್ಬ, ನಾಮಕರಣ, ತಿಥಿ ಎಂದು ವರ್ಷಕ್ಕೆ ನಾಲ್ಕಾರು ಸಲವಾದರೂ ಆಗುಂಬೆಯ ದಾರಿ ಹಿಡಿಯಬೇಕು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ, ಶನಿವಾರ ಬಂದು ಭಾನುವಾರ ಹೋಗುತ್ತಾನೆ. ಸೊಸೆ ಇಲ್ಲಿಯೇ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಎಂಟನೇ ತರಗತಿಯ ಮೊಮ್ಮಗಳು, ನಾಲ್ಕನೇ ತರಗತಿಯ ಮೊಮ್ಮಗ ನಮ್ಮ ಜೊತೆಗೇ ಇದ್ದಾರೆ. ಕಾರು ಓಡಿಸಲು ಮಗನಿಗೂ ಸೊಸೆಗೂ ಬರುತ್ತದೆ. ಕಾರು ಇರಲಿಲ್ಲ, ಅಷ್ಟೆ.

2024ರ ಬೇಸಿಗೆಯಲ್ಲಿ ಎಲ್ಲರೂ ಕೂತು ಲೆಕ್ಕ ಹಾಕಿದೆವು. ನಾಲ್ಕೂವರೆ ಲಕ್ಷ ರೂಪಾಯಿಗಿಂತ ಹೆಚ್ಚು ಹಾಕುವಂತಿಲ್ಲ. ಹೊಸ ಕಾರು ಕೊಂಡರೆ ಸಾಲ ಮಾಡಬೇಕು. ಅದೂ ಅಲ್ಲದೆ ಹೊಸ ಕಾರಿನ ಬೆಲೆ ಮೊದಲ ಮೂರ್ನಾಲ್ಕು ವರ್ಷಗಳಲ್ಲೇ ಜಾಸ್ತಿ ಇಳಿಯುತ್ತದೆ. ಆ ಇಳಿತವನ್ನು ಬೇರೆ ಯಾರಾದರೂ ಅನುಭವಿಸಲಿ, ನಾವು ಹಳೆಯದನ್ನೇ ಕೊಳ್ಳೋಣ ಎಂದು ತೀರ್ಮಾನವಾಯಿತು. ಮೊಮ್ಮಗನಿಗೆ ಮಾತ್ರ ಸ್ವಲ್ಪ ಬೇಜಾರು. ಪಕ್ಕದ ಮನೆಗೆ ಹೊಸ ಕಾರು ಬಂದಾಗ ನಿಂಬೆಹಣ್ಣು ಇಟ್ಟು ಹತ್ತಿಸಿದ್ದನ್ನು ಅವನು ನೋಡಿದ್ದ. "ಹಳೇ ಕಾರಿಗೂ ನಿಂಬೆಹಣ್ಣು ಇಡಬಹುದು ಕಣೋ" ಎಂದು ಅವನ ಅಜ್ಜಿ ಭರವಸೆ ಕೊಟ್ಟ ಮೇಲೆ ಸಮಾಧಾನವಾದ.

ಬ್ಯಾಂಕಿನಲ್ಲಿ ಕೆಲವು ವರ್ಷ ನಾನು ವಾಹನ ಸಾಲದ ಮೇಜಿನಲ್ಲಿ ಕೂತಿದ್ದೆ. ಆ ಕೆಲಸದಲ್ಲಿ ಕಣ್ಣಿಗೆ ಒಂದು ಅಭ್ಯಾಸವಾಗಿಬಿಡುತ್ತದೆ. ಒಂದು ಕಾಗದ ಹೇಳುವುದು ಇನ್ನೊಂದು ಕಾಗದ ಹೇಳುವುದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡುವ ಅಭ್ಯಾಸ. ಹಳೆಯ ಕಾರು ನೋಡುವಾಗ ನನಗೆ ಯಂತ್ರದ ಜ್ಞಾನವೇನೂ ಇರಲಿಲ್ಲ. ಅದಕ್ಕೆ ನಮ್ಮ ಬೀದಿಯ ಮೆಕ್ಯಾನಿಕ್ ಒಬ್ಬರನ್ನು ಸಾವಿರ ರೂಪಾಯಿ ಕೊಟ್ಟು ಜೊತೆಗೆ ಕರೆದುಕೊಂಡು ಹೋದೆವು. ತಾಳೆ ನೋಡುವ ಕೆಲಸ ಮಾತ್ರ ನನ್ನದು.

ಮೊದಲು ನೋಡಿದ್ದು ಕೆಂಪು ಕಾರು. ಹಳೆಯ ಕಾರುಗಳನ್ನು ಮಾರುವ ಒಂದು ಅಂಗಡಿಯ ಮುಂದೆ ಆಗತಾನೇ ತೊಳೆದು ನಿಲ್ಲಿಸಿದ್ದರು. ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. "2016ರ ಗಾಡಿ ಸಾರ್. ಬರೀ 28,000 ಕಿಲೋಮೀಟರ್ ಓಡಿದೆ. ಡಾಕ್ಟರ್ ಓಡಿಸ್ತಿದ್ದ ಗಾಡಿ" ಎಂದರು ಮಾರುವವರು. ನಮ್ಮ ಮೆಕ್ಯಾನಿಕ್ ನನ್ನ ಕಿವಿಯಲ್ಲಿ ಹೇಳಿದರು: "ಒದ್ದೆ ಗಾಡಿ ನೋಡಬಾರದು ಸಾರ್. ನೀರಿನ ಹೊಳಪಲ್ಲಿ ಗೀರು, ತಗ್ಗು ಏನೂ ಕಾಣಲ್ಲ. ಒಣಗಲಿ." ಒಂದು ಗಂಟೆ ಕಾಫಿ ಕುಡಿದು ಕಾದೆವು. ಎಂಜಿನ್ ಚಾಲೂ ಮಾಡುವ ಮೊದಲು ಅವರು ಬಾನೆಟ್ ಮೇಲೆ ಕೈಯಿಟ್ಟರು. ಇನ್ನೂ ಬಿಸಿ ಇತ್ತು. ನಾವು ಬರುವ ಮೊದಲೇ ಯಾರೋ ಎಂಜಿನ್ ಓಡಿಸಿ ಇಟ್ಟಿದ್ದರು. ತಣ್ಣಗಿರುವ ಎಂಜಿನ್ ಒಂದೇ ಸಲಕ್ಕೆ ಚಾಲೂ ಆದರೆ ಅದರ ಆರೋಗ್ಯ ಚೆನ್ನಾಗಿದೆ ಎಂದರ್ಥ. ಮೊದಲೇ ಬಿಸಿ ಮಾಡಿಟ್ಟರೆ ಆ ಪರೀಕ್ಷೆಯೇ ನಡೆಯುವುದಿಲ್ಲ.

ಮೊಮ್ಮಗನಿಗೂ ಒಂದು ಕೆಲಸ ಕೊಟ್ಟಿದ್ದೆವು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಯಕ್ಷಗಾನ ಕಿರೀಟದ ಆಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದ. ಕಾರಿನ ಬಾಗಿಲುಗಳಿಗೆ ಅದನ್ನು ಒಂದೊಂದಾಗಿ ಮುಟ್ಟಿಸುತ್ತ ಹೋದ. ಮೂರು ಬಾಗಿಲಿಗೆ ಟಪ್ಪೆಂದು ಹಿಡಿಯಿತು. ಎಡಗಡೆ ಹಿಂದಿನ ಬಾಗಿಲಿನ ಕೆಳಭಾಗದಲ್ಲಿ ಜಾರಿ ಕೆಳಗೆ ಬಿತ್ತು. ಮಕ್ಕಳೇ, ಇದರ ಗುಟ್ಟು ಸರಳ. ಕಾರಿನ ಬಾಗಿಲು ಉಕ್ಕಿನ ತಗಡು. ಎಲ್ಲಿಯಾದರೂ ಗುದ್ದಿ ತಗ್ಗಾದರೆ ಅದರೊಳಗೆ ಪಟ್ಟಿ ತುಂಬಿ, ಉಜ್ಜಿ, ಮೇಲೆ ಬಣ್ಣ ಹೊಡೆಯುತ್ತಾರೆ. ಪಟ್ಟಿ ದಪ್ಪಗಿದ್ದರೆ ಆಯಸ್ಕಾಂತ ಉಕ್ಕನ್ನು ಹಿಡಿಯಲಾರದು. ಬಂಪರ್ ಪ್ಲಾಸ್ಟಿಕ್ಕಿನದು, ಅಲ್ಲಿ ಹೇಗೂ ಹಿಡಿಯುವುದಿಲ್ಲ. ಅದಕ್ಕೆ ಹೆದರಬೇಕಾಗಿಲ್ಲ.

ನನ್ನ ತಾಳೆ ಲೆಕ್ಕ ಟೈರಿನಲ್ಲಿತ್ತು. ಟೈರಿನ ಪಕ್ಕದಲ್ಲಿ ಒಂದು ಉದ್ದನೆಯ ಗೋಲದೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಆ ಕಾರಿನ ನಾಲ್ಕೂ ಟೈರಿನ ಮೇಲೆ 3521 ಎಂದಿತ್ತು. 2021ರ 35ನೇ ವಾರ ತಯಾರಾದ ಟೈರುಗಳು. ಅಂದರೆ ಕಾರಿನ ಜೊತೆಗೆ ಬಂದ ಟೈರುಗಳು ಸವೆದು ಹೋಗಿ, ಎರಡನೇ ಜೊತೆ ಹಾಕಿ, ಅವೂ ಅರ್ಧ ಸವೆದಿವೆ. ಬ್ರೇಕ್ ಪೆಡಲಿನ ರಬ್ಬರ್ ಹಳೆಯ ನಾಣ್ಯದಂತೆ ನುಣುಪಾಗಿದೆ. ಮೀಟರು ಮಾತ್ರ 28,000 ಎನ್ನುತ್ತಿದೆ. ಟೈರು ಒಂದು ಹೇಳುತ್ತದೆ, ಪೆಡಲು ಅದಕ್ಕೆ ಹೂಂ ಎನ್ನುತ್ತದೆ, ಮೀಟರು ಬೇರೆಯೇ ಹೇಳುತ್ತದೆ. ನಾವು ಕೈಮುಗಿದು ಬಂದೆವು.

ಎರಡನೆಯ ಕಾರು ಚೆನ್ನಾಗಿಯೇ ಇತ್ತು. ಆದರೆ ಆರ್.ಸಿ.ಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿತ್ತು. "ಸಾಲ ಯಾವತ್ತೋ ತೀರಿದೆ" ಎಂದರು ಮಾಲೀಕರು. ತೀರಿರಬಹುದು. ಆದರೆ ಸಾಲಕ್ಕೆ ಒತ್ತೆಯಾದ ವಾಹನದ ಮೇಲೆ ಬ್ಯಾಂಕಿನ ಹಕ್ಕು ದಾಖಲೆಯಿಂದ ಹೋಗಬೇಕಾದರೆ ಬ್ಯಾಂಕು ನಿರಾಕ್ಷೇಪಣಾ ಪತ್ರ ಕೊಡಬೇಕು, ಫಾರಂ 35ಕ್ಕೆ ಸಹಿ ಹಾಕಬೇಕು, ಅದನ್ನು ಆರ್.ಟಿ.ಒ. ಕಚೇರಿಗೆ ಕೊಟ್ಟು ಹೆಸರು ತೆಗೆಸಬೇಕು. ಇಂಥ ಫಾರಂಗಳನ್ನು ನಾನೇ ನೂರಾರು ತುಂಬಿದ್ದೇನೆ. ಸಾಲ ತೀರಿದ ಸಂತೋಷದಲ್ಲಿ ಜನ ಸಿಹಿ ಹಂಚಿ ಮನೆಗೆ ಹೋಗುತ್ತಾರೆ, ಈ ಒಂದು ಕೆಲಸ ಮರೆಯುತ್ತಾರೆ. ಕಾಗದ ಸರಿಮಾಡಿ ಹೇಳಿ ಎಂದೆವು. ಅವರು ಮತ್ತೆ ಫೋನ್ ಮಾಡಲಿಲ್ಲ.

ಮೂರನೆಯದು ಭದ್ರಾವತಿಯಲ್ಲಿ ಸಿಕ್ಕಿತು. ನಿವೃತ್ತ ಶಿಕ್ಷಕರೊಬ್ಬರ ಬೂದು ಬಣ್ಣದ ಕಾರು. ಗೇಟಿಗೆ ಉಜ್ಜಿದ ಗೀರು ಎರಡೂ ಪಕ್ಕದಲ್ಲಿತ್ತು, ಮುಚ್ಚುವ ಪ್ರಯತ್ನ ಮಾಡಿರಲಿಲ್ಲ. 46,000 ಕಿಲೋಮೀಟರ್ ಓಡಿತ್ತು. ಸರ್ವಿಸ್ ಮಾಡಿಸಿದ ಒಂದೊಂದು ಬಿಲ್ಲನ್ನೂ ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಪ್ರತಿ ಬಿಲ್ಲಿನಲ್ಲೂ ಆ ದಿನದ ಮೀಟರಿನ ಅಂಕಿ ಇತ್ತು. ಮೆಟ್ಟಿಲಿನಂತೆ ಒಂದರ ಮೇಲೊಂದು ಏರುತ್ತ ಬಂದಿತ್ತು. ಮೆಕ್ಯಾನಿಕ್ ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿ ಹೊಗೆ ನೋಡಿದರು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು, ಕಪ್ಪು ಬಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದು. ಬೆಳಗಿನ ಚಳಿಯಲ್ಲಿ ತೆಳ್ಳಗಿನ ಬಿಳಿ ಆವಿ ಬಂದರೆ ಅದು ಸಹಜ. ದಟ್ಟ ಬಿಳಿ ಹೊಗೆ ನಿಲ್ಲದೆ ಬಂದರೆ ಎಂಜಿನ್ನಿನ ಒಳಗೆ ಕೂಲಂಟ್ ಸೇರುತ್ತಿರಬಹುದು. ಈ ಕಾರಿನಲ್ಲಿ ಇದ್ಯಾವುದೂ ಇರಲಿಲ್ಲ.

ಇನ್ನೊಂದು ಪರೀಕ್ಷೆಯನ್ನು ಅವರು ನನ್ನ ಮೊಮ್ಮಗಳ ಕೈಯಲ್ಲಿ ಮಾಡಿಸಿದರು. ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಹೊರಗೆ ಎಳೆಯಲು ಹೇಳಿದರು. ನೀರಿನಲ್ಲಿ ಮುಳುಗಿದ ಕಾರಾದರೆ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಇರುತ್ತದೆಯಂತೆ. ಸೀಟು ತೊಳೆಯುತ್ತಾರೆ, ಕಾರ್ಪೆಟ್ ಬದಲಿಸುತ್ತಾರೆ, ಬೆಲ್ಟಿನ ತುದಿ ಯಾರಿಗೂ ನೆನಪಾಗುವುದಿಲ್ಲ. ಕಾರ್ಪೆಟ್ ಎತ್ತಿ ಮೂಸಿ ನೋಡಿದೆವು, ಸೀಟಿನ ಕೆಳಗಿನ ಕಂಬಿಗೆ ತುಕ್ಕು ಹಿಡಿದಿದೆಯೇ ನೋಡಿದೆವು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣಿದೆಯೇ ನೋಡಿದೆವು. 2015ರಲ್ಲಿ ಚೆನ್ನೈ, 2022ರಲ್ಲಿ ಬೆಂಗಳೂರಿನ ಬಡಾವಣೆಗಳು ನೀರಿನಲ್ಲಿ ನಿಂತಾಗ ಎಷ್ಟೋ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಮುಳುಗಿದ ಕಾರನ್ನು ತೊಳೆದು ಒಣಗಿಸಿ ದೂರದ ಊರಿನಲ್ಲಿ ಮಾರುವುದುಂಟು. ಅದರ ವೈರುಗಳು ಒಳಗೊಳಗೇ ತುಕ್ಕು ಹಿಡಿದು ಯಾವತ್ತೋ ಒಂದು ದಿನ ಕೈಕೊಡುತ್ತವೆ.

ಆ ಕಾರು 2019ರ ಅಕ್ಟೋಬರಿನಲ್ಲಿ ತಯಾರಾದದ್ದು. ಈ ತಿಂಗಳು ನೋಡುವುದಕ್ಕೂ ಒಂದು ಕಾರಣವಿದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಬ್ರೇಕು, ಜುಲೈನಿಂದ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಳೆಯ ಕಾಲದ ಕಾರಿನ ಚಕ್ರ ತಿರುಗುವುದು ನಿಂತು, ಕಾರು ಸೋಪಿನ ಮೇಲೆ ಜಾರಿದಂತೆ ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕೇಳುವುದಿಲ್ಲ. ಎ.ಬಿ.ಎಸ್. ಚಕ್ರ ಬಿಗಿಯಲು ಬಿಡುವುದಿಲ್ಲ, ಸೆಕೆಂಡಿಗೆ ಹಲವು ಸಲ ಬ್ರೇಕನ್ನು ಹಿಡಿದು ಬಿಡುತ್ತದೆ. ಆಗ ಪೆಡಲು ಕಾಲಿನ ಕೆಳಗೆ ನಡುಗುತ್ತದೆ. ನಡುಗಿತೆಂದು ಕಾಲು ತೆಗೆಯಬಾರದು, ಒತ್ತಿಯೇ ಹಿಡಿದು ಸ್ಟೀರಿಂಗ್ ತಿರುಗಿಸಬೇಕು. ಮಳೆಯ ಊರಿನವರು ಹಳೆಯ ಕಾರು ಕೊಳ್ಳುವಾಗ ಹಾಡು ಕೇಳುವ ಪೆಟ್ಟಿಗೆ ಎಷ್ಟು ದೊಡ್ಡದೆಂದು ನೋಡುವ ಮೊದಲು ಇದನ್ನು ನೋಡಬೇಕು.

ಟೈರು ಮಾತ್ರ ಹಳೆಯವು. ಟೈರಿನ ತೋಡುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ತೋಡಿನ ಆಳ 1.6 ಮಿಲಿಮೀಟರ್ ಉಳಿದಾಗ ಟೈರಿನ ಮೈ ಆ ದಿಬ್ಬಕ್ಕೆ ಸಮವಾಗುತ್ತದೆ. ಆಮೇಲೆ ಆ ಟೈರನ್ನು ಓಡಿಸಲೇಬಾರದು. ಈ ಕಾರಿನದು ದಿಬ್ಬದ ಹತ್ತಿರಕ್ಕೆ ಬಂದಿತ್ತು. ಮೇಷ್ಟ್ರಿಗೆ ತೋರಿಸಿದೆವು. ನೋಡಿ, ಒಪ್ಪಿ, ನಾಲ್ಕು ಹೊಸ ಟೈರಿನ ಹಣವನ್ನು ಬೆಲೆಯಲ್ಲಿ ಬಿಟ್ಟುಕೊಟ್ಟರು.

ಮುಂದಿನದು ಕಾಗದದ ಕೆಲಸ, ಚಿಕ್ಕದಾಗಿ ಹೇಳುತ್ತೇನೆ. ಆರ್.ಸಿ.ಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಕಾರಿನ ಮೇಲೆ ಕೊರೆದಿರುವುದಕ್ಕೆ ತಾಳೆಯಾಗಬೇಕು. ಕಟ್ಟದೆ ಉಳಿದ ದಂಡವಿದೆಯೇ ಎಂದು ಸರಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ವಿಮೆಯನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೆಯ ಮಾಲೀಕರು ಕ್ಲೇಮು ಮಾಡದೆ ಗಳಿಸಿದ ರಿಯಾಯಿತಿ ಅವರದೇ, ಕಾರಿನ ಜೊತೆ ನಮಗೆ ಬರುವುದಿಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಇದನ್ನು ಹೇಳದಿದ್ದರೆ ನನ್ನ 36 ವರ್ಷಕ್ಕೆ ಅವಮಾನ.

ಕಾರು ಬಂತು, ನಿಂಬೆಹಣ್ಣೂ ಆಯಿತು. ಜೂನ್ ಮೊದಲ ವಾರ ಸೊಸೆ ಊಟದ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿ ಹರಡಿ ಮಕ್ಕಳಿಗೆ ಎರಡು ಲೆಕ್ಕ ಕೊಟ್ಟಳು. ಆ ಲೆಕ್ಕ ನಿಮಗೂ ಕೊಡುತ್ತೇನೆ, ಅಜ್ಜ-ಅಜ್ಜಿಯರ ಜೊತೆ ಕೂತು ಮಾಡಿ.

ಮೊದಲನೆಯ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗ ಎಂದರೆ ನಿಮಿಷಕ್ಕೆ 1000 ಮೀಟರ್, ಸೆಕೆಂಡಿಗೆ ಸುಮಾರು 17 ಮೀಟರ್. ಮುಂದೆ ದನ ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಕಾಲು ಬ್ರೇಕಿನ ಮೇಲೆ ಹೋಗಲು ಸಾಮಾನ್ಯವಾಗಿ ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ಕಾರು 25 ಮೀಟರ್ ಹೋಗಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು ಒಣ ರಸ್ತೆಯಲ್ಲಿ ಅಂದಾಜು 20 ಮೀಟರ್, ಒದ್ದೆ ರಸ್ತೆಯಲ್ಲಿ 35 ಮೀಟರ್. ಎರಡೂ ಸೇರಿ ಒದ್ದೆಯಲ್ಲಿ 60 ಮೀಟರ್. ಕ್ರಿಕೆಟ್ ಪಿಚ್ಚಿನ ಉದ್ದ 20 ಮೀಟರ್ ಎಂದಿಟ್ಟುಕೊಳ್ಳಿ. ಮೂರು ಪಿಚ್ಚು! ಈಗ ವೇಗವನ್ನು ಅರ್ಧಕ್ಕೆ, 30ಕ್ಕೆ ಇಳಿಸಿ. ಯೋಚಿಸುವ ದೂರ ಅರ್ಧವಾಗುತ್ತದೆ, ಬ್ರೇಕಿನ ದೂರ ಮಾತ್ರ ಕಾಲು ಭಾಗವಾಗುತ್ತದೆ. ಒಟ್ಟು 22 ಮೀಟರಿನೊಳಗೆ ಕಾರು ನಿಲ್ಲುತ್ತದೆ. ವೇಗ ಅರ್ಧ ಮಾಡಿದರೆ ಮೂರು ಪಿಚ್ಚು ಹೋಗಿ ಹೆಚ್ಚುಕಡಿಮೆ ಒಂದೇ ಪಿಚ್ಚು. ಮೊಮ್ಮಗ ಈ ಲೆಕ್ಕವನ್ನು ತನ್ನ ಗೆಳೆಯರಿಗೆಲ್ಲ ಹೇಳಿಕೊಂಡು ಬಂದ.

ಎರಡನೆಯ ಲೆಕ್ಕ ಹಳ್ಳದ ನೀರಿನದು. ರಸ್ತೆಯ ಮೇಲೆ ಎಷ್ಟು ನೀರಿದ್ದರೆ ಕಾರು ತೇಲುತ್ತದೆ? ಆರ್ಕಿಮಿಡೀಸ್ ಹೇಳಿದಂತೆ, ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆಯೋ ಅಷ್ಟು ತೂಕದ ಬಲ ಕಾರನ್ನು ಮೇಲಕ್ಕೆ ಎತ್ತುತ್ತದೆ. ಸಣ್ಣ ಕಾರಿನ ತಳ 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಎನ್ನಿ. 6 ಚದರ ಮೀಟರ್. ತಳದಿಂದ ಮೇಲೆ 15 ಸೆಂಟಿಮೀಟರ್ ನೀರು ಏರಿದರೆ 0.9 ಘನ ಮೀಟರ್, ಅಂದರೆ 900 ಕಿಲೋ ನೀರು. ಸಣ್ಣ ಕಾರಿನ ತೂಕವೂ ಸುಮಾರು ಅಷ್ಟೇ. ಕಾರಿನ ತಳ ರಸ್ತೆಯಿಂದ 17 ಸೆಂಟಿಮೀಟರ್ ಮೇಲಿರುತ್ತದೆ. ಎರಡನ್ನೂ ಕೂಡಿಸಿದರೆ 32 ಸೆಂಟಿಮೀಟರ್. ಒಂದು ಸ್ಕೇಲಿನಷ್ಟು ನೀರು! ಅಷ್ಟಕ್ಕೇ ಚಕ್ರಕ್ಕೆ ನೆಲದ ಹಿಡಿತ ತಪ್ಪುತ್ತದೆ. ನಿಂತ ನೀರಾದರೆ ಕಾರು ತೇಲುತ್ತದೆ, ಹರಿಯುವ ನೀರಾದರೆ ಕೊಚ್ಚಿಕೊಂಡು ಹೋಗುತ್ತದೆ. ಮೊಮ್ಮಗಳು ತನ್ನ ಸ್ಕೇಲನ್ನು ನೆಲಕ್ಕೆ ನಿಲ್ಲಿಸಿ, "ಇಷ್ಟೇನಾ ಅಮ್ಮಾ?" ಎಂದಳು. ಇಷ್ಟೇ. ಅದಕ್ಕೇ ಸೇತುವೆ ಕಾಣದಂತೆ ನೀರು ಹರಿಯುತ್ತಿದ್ದರೆ ಅದನ್ನು ದಾಟುವ ಮಾತೇ ಇಲ್ಲ, ಮುಂದಿನ ಕಾರು ದಾಟಿದರೂ ಸರಿಯೆ. ನಿಂತ ನೀರಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಚಾಲೂ ಮಾಡಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಒಳಗಿನ ಕಬ್ಬಿಣದ ತೋಳುಗಳೇ ಬಾಗುತ್ತವೆ. ಕಾರನ್ನು ಬಿಟ್ಟು ಎತ್ತರದ ಜಾಗಕ್ಕೆ ಹೋಗಬೇಕು. ತುರ್ತಿಗೆ 112.

ಇನ್ನು ಕೆಲವು ನಿಯಮಗಳನ್ನು ಸೊಸೆ ತಾನೇ ಹಾಕಿಕೊಂಡಳು. ಮಳೆ ಶುರುವಾದ ಮೊದಲ ಕೆಲವು ನಿಮಿಷ ಬಹಳ ನಿಧಾನ, ಏಕೆಂದರೆ ರಸ್ತೆಯ ಮೇಲಿನ ಎಣ್ಣೆ, ಧೂಳು ನೀರಿನಲ್ಲಿ ಕಲಸಿ ಜಾರುತ್ತದೆ. ಮಳೆಯಲ್ಲಿ ಹಗಲಿನಲ್ಲೂ ಹೆಡ್‌ಲೈಟು, ಅದೂ ಡಿಮ್‌ನಲ್ಲಿ. ಬ್ರೈಟ್ ಹಾಕಿದರೆ ಬೆಳಕು ಮಂಜಿನ ಗೋಡೆಗೆ ಬಡಿದು ನಮ್ಮ ಕಣ್ಣಿಗೇ ಬರುತ್ತದೆ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡುವುದಿಲ್ಲ. ಅದು ನಿಂತ ವಾಹನದ ಗುರುತು. ಓಡುತ್ತ ಹಾಕಿದರೆ ಎಡಕ್ಕೆ ತಿರುಗುತ್ತೇವೋ ಬಲಕ್ಕೋ ಹಿಂದಿನವರಿಗೆ ತಿಳಿಯುವುದಿಲ್ಲ. ಗಾಜಿನ ಒಳಗೆ ಹಬೆ ಕಟ್ಟಿದರೆ ಕೈಯಲ್ಲಿ ಒರೆಸುವುದಿಲ್ಲ. ಎ.ಸಿ. ಹಾಕಿ, ಹೊರಗಿನ ಗಾಳಿ ಬಿಟ್ಟು, ಗಾಜಿನ ಕಡೆ ಊದಿಸಿದರೆ ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ. ರಸ್ತೆಯ ನೀರಿನ ಮೇಲೆ ಕಾರು ಜಾರಿದಂತೆ, ಸ್ಟೀರಿಂಗ್ ಹಗುರವಾದಂತೆ ಅನ್ನಿಸಿದರೆ ಬ್ರೇಕ್ ಒತ್ತದೆ, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ಸ್ಟೀರಿಂಗ್ ನೇರವಾಗಿ ಹಿಡಿದುಕೊಳ್ಳಬೇಕು. ವೇಗ ಇಳಿದಂತೆ ಟೈರಿನ ತೋಡು ನೀರನ್ನು ಹೊರಹಾಕಿ ಮತ್ತೆ ನೆಲ ಹಿಡಿಯುತ್ತದೆ.

ಮಕ್ಕಳಿಗೂ ಒಂದು ಕೆಲಸವಿತ್ತು. ಮುಂದಿನ ವಾಹನ ಒಂದು ಕಿಲೋಮೀಟರ್ ಕಲ್ಲನ್ನು ದಾಟಿದ ಕೂಡಲೇ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸುವುದು. ಹಾಗೆ ಹೇಳಲು ಒಂದೊಂದಕ್ಕೂ ಹತ್ತಿರ ಹತ್ತಿರ ಒಂದು ಸೆಕೆಂಡ್ ಹಿಡಿಯುತ್ತದೆ. "ಸಾವಿರದ ನಾಲ್ಕು" ಮುಗಿಯುವ ಮೊದಲೇ ನಮ್ಮ ಕಾರು ಆ ಕಲ್ಲಿಗೆ ಬಂದರೆ ನಾವು ತೀರಾ ಹತ್ತಿರ ಇದ್ದೇವೆ ಎಂದು ಅರ್ಥ. ಒಣ ರಸ್ತೆಗೆ ಎರಡು ಸಾಕು, ಮಳೆಗೆ ನಾಲ್ಕು ಬೇಕು.

ಈ ಎಲ್ಲ ನಿಯಮಗಳ ಪರೀಕ್ಷೆ ಜುಲೈನಲ್ಲಿ ಬಂತು. ಉಡುಪಿಯಲ್ಲಿ ತಂಗಿಯ ಮಗಳ ಮಗುವಿಗೆ ನಾಮಕರಣ. ಭಾನುವಾರ ಬೆಳಿಗ್ಗೆ 11 ಗಂಟೆಗೆ ಮುಹೂರ್ತ. ಸೋದರಮಾವನಾದ ನಾನು ಕೊಡಬೇಕಾದ ಬೆಳ್ಳಿ ಬಟ್ಟಲು, ಮಗುವಿನ ಅಂಗಿ ನನ್ನ ಮಡಿಲಲ್ಲೇ ಇದ್ದವು. ಮಗನಿಗೆ ಆ ವಾರ ರಜೆ ಸಿಗಲಿಲ್ಲ. ಸೊಸೆಯೇ ಓಡಿಸಿದಳು. ಪಕ್ಕದಲ್ಲಿ ನಾನು, ಹಿಂದೆ ಮನೆಯವಳು, ಮಕ್ಕಳು. ಐವರಿಗೂ ಬೆಲ್ಟು. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಪದ್ಧತಿ ನಮ್ಮ ಕಾರಿನಲ್ಲಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಮಕ್ಕಳ ಸೀಟಿನಲ್ಲಿ ಭದ್ರವಾಗಿ ಕೂರಿಸಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯೂ ಹೇಳುತ್ತದೆ.

ಪುನರ್ವಸು ಮಳೆ. ಆರು ಗಂಟೆಗೆ ಹೊರಟೆವು. ಸಕ್ರೆಬೈಲು ದಾಟುವಾಗ ಹನಿ, ಮಂಡಗದ್ದೆಯಲ್ಲಿ ಜೋರು, ತೀರ್ಥಹಳ್ಳಿಯಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಆಗುಂಬೆ ಮುಟ್ಟುವಾಗ ಎಂಟೂವರೆ. ಆಗುಂಬೆಯ ಮಳೆಯನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರು. ಅಂದು ಮಳೆಯ ಜೊತೆಗೆ ಮಂಜೂ ಇತ್ತು. ವೈಪರು ಪೂರ್ತಿ ವೇಗದಲ್ಲಿ ಆಡುತ್ತಿದ್ದರೂ ಮುಂದಿನ ಕಾರಿನ ಕೆಂಪು ದೀಪ ಕಾಣಿಸಿ ಮಾಯವಾಗುತ್ತಿತ್ತು. ಅಲ್ಲಿಂದ ಕೆಳಕ್ಕೆ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವುಗಳು. ಇಳಿದರೆ ಹೆಬ್ರಿ, ಆಮೇಲೆ ಉಡುಪಿ. ಹತ್ತೂವರೆಗೆ ಸೇರಬಹುದು.

ಊರಿನೊಳಗೆ ಒಂದು ಹೋಟೆಲಿನ ಮುಂದಿನ ಸಮತಟ್ಟು ಜಾಗದಲ್ಲಿ ಸೊಸೆ ಕಾರು ನಿಲ್ಲಿಸಿದಳು. ಗುಡ್ಡ ಕಡಿದ ಬದಿಯಲ್ಲೂ ಅಲ್ಲ, ದೊಡ್ಡ ಮರದ ಕೆಳಗೂ ಅಲ್ಲ, ರಸ್ತೆಯ ಅಂಚಿನಲ್ಲೂ ಅಲ್ಲ.

"ಮಾವ, ನನಗೆ 20 ಮೀಟರ್ ಕೂಡ ಕಾಣ್ತಿಲ್ಲ. ಕಾಣೋವರೆಗೂ ಇಳಿಯಲ್ಲ."

"ಸರಿಯಮ್ಮ" ಎಂದೆ.

ಮನೆಯವಳು ಏನೂ ಹೇಳಲಿಲ್ಲ, ಬೆಳ್ಳಿ ಬಟ್ಟಲಿನ ಚೀಲವನ್ನು ನೋಡಿದಳು. ಒಂಬತ್ತೂವರೆಗೆ ಭಾವನ ಫೋನು. "ಭಾವ, ಎಲ್ಲಿದ್ದೀರಿ? ನಿಮ್ಮ ಹಿಂದೆ ಹೊರಟವರು ಹೆಬ್ರಿ ದಾಟಿದ್ದಾರಂತೆ." ನಿಜ. ನಾವು ಇಡ್ಲಿ ತಿನ್ನುತ್ತಿದ್ದಾಗ ಹತ್ತಾರು ಕಾರುಗಳು ಇಳಿದು ಹೋದವು. ಒಬ್ಬರು ಹೋಟೆಲಿಗೆ ಬಂದು ಕಾಫಿ ಕುಡಿದು, "ಹೆಂಗಸರು ಓಡಿಸಿದರೆ ಹೀಗೇ" ಎಂದು ನನಗೆ ಕೇಳುವಂತೆಯೇ ಹೇಳಿ ಹೋದರು. ಸೊಸೆಗೂ ಕೇಳಿಸಿತು. ಮೊಮ್ಮಗಳು ಮುಖ ಕೆಂಪಗೆ ಮಾಡಿಕೊಂಡಳು. ಸೊಸೆ ಅವಳ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿಸಿದಳು.

ಹನ್ನೊಂದು ಗಂಟೆ ದಾಟಿತು. ಉಡುಪಿಯಲ್ಲಿ ಮಗುವಿಗೆ ಹೆಸರಿಟ್ಟಾಯಿತು. ಹನ್ನೊಂದೂ ಕಾಲಿಗೆ ಮಂಜು ಸರಿದು ಎದುರಿನ ಮರಗಳ ಸಾಲು ಕಂಡಿತು. ಆಗ ಹೊರಟೆವು. ಇಳಿಜಾರಿನುದ್ದಕ್ಕೂ ಸೆಕೆಂಡ್ ಗೇರು, ಪ್ರತಿ ತಿರುವಿನಲ್ಲಿ ಹಾರ್ನು, ಏರಿ ಬರುವವರಿಗೆ ದಾರಿ. ಗೇರಿನ ಹಿಡಿತವಿದ್ದುದರಿಂದ ಬ್ರೇಕು ಬಿಸಿಯಾಗಲಿಲ್ಲ. ಉಡುಪಿ ಸೇರಿದಾಗ ಒಂದೂ ಕಾಲು.

ತಂಗಿ ಬಾಗಿಲಲ್ಲಿ ನಿಂತಿದ್ದಳು. "ಅಣ್ಣಾ, ನೀನೇ ಇಲ್ಲದೆ ಆಯಿತಲ್ಲ" ಎಂದಳು, ಅಷ್ಟೆ. ಬೈದಿದ್ದರೆ ಹಗುರವಾಗುತ್ತಿತ್ತು. ಪಂಕ್ತಿಯಲ್ಲಿ ನೆಂಟರೊಬ್ಬರು, "ನಮ್ಮ ಹುಡುಗರು ಅದೇ ಹೊತ್ತಿಗೆ ಆರಾಮವಾಗಿ ಇಳಿದು ಬಂದರಪ್ಪ" ಎಂದು ಸೊಸೆಯ ಕಡೆ ನೋಡಿದರು. "ಬಂದರು, ಬಹಳ ಸಂತೋಷ. ನಿಲ್ಲಿಸುವುದೆಂದು ನಾವು ಐದೂ ಜನ ಸೇರಿ ತೀರ್ಮಾನ ಮಾಡಿದೆವು" ಎಂದೆ. ಮೊಮ್ಮಗ ಕೂಡಲೇ ಮೂರು ಪಿಚ್ಚಿನ ಲೆಕ್ಕ ಶುರುಮಾಡಿದ. ಪಾಯಸ ಬಂದದ್ದರಿಂದ ಆ ಮಾತು ನಿಂತಿತು.

ಅಂದು ಘಾಟಿಯಲ್ಲಿ ಯಾವ ಅವಘಡವೂ ಆಗಲಿಲ್ಲ. ಗುಡ್ಡ ಕುಸಿಯಲಿಲ್ಲ, ಮರ ಬೀಳಲಿಲ್ಲ, ಯಾರೂ ಜಾರಲಿಲ್ಲ. ನಾವೂ ಇಳಿದಿದ್ದರೆ ಬಹುಶಃ ಹತ್ತೂವರೆಗೇ ಸೇರುತ್ತಿದ್ದೆವು. ಇದನ್ನು ಮುಚ್ಚಿಟ್ಟು, "ನೋಡಿ, ನಿಂತದ್ದರಿಂದ ಬದುಕಿದೆವು" ಎಂದು ಕಥೆ ಕಟ್ಟುವುದು ನನಗೆ ಇಷ್ಟವಿಲ್ಲ. ಆ ಕೆಂಪು ಕಾರಿನ ವಿಚಾರವೂ ಹಾಗೆಯೇ. ಬೇರೆ ಯಾರೋ ಕೊಂಡರು, ಚೆನ್ನಾಗಿಯೇ ಓಡುತ್ತಿರಬಹುದು. ಬ್ಯಾಂಕಿನ ಲೆಡ್ಜರಿನಲ್ಲಿ ಬಂದದ್ದಕ್ಕೆ ಒಂದು ಕಲಂ, ಹೋದದ್ದಕ್ಕೆ ಒಂದು ಕಲಂ ಇರುತ್ತದೆ. ಆಗದೇ ಹೋದ ನಷ್ಟವನ್ನು ಬರೆಯಲು ಕಲಂ ಇಲ್ಲ. ತಪ್ಪಿದ ಮುಹೂರ್ತ ಎಲ್ಲರ ಕಣ್ಣಿಗೂ ಕಾಣುತ್ತದೆ, ತಪ್ಪಿದ ಅಪಾಯ ಯಾರಿಗೂ ಕಾಣುವುದಿಲ್ಲ. ಅದಕ್ಕಾಗಿಯೇ ಮಳೆಯಲ್ಲಿ ನಿಲ್ಲಿಸುವವರಿಗೆ ಹೊಗಳಿಕೆ ಸಿಗುವುದು ಕಡಿಮೆ, ಮಾತು ಕೇಳುವುದು ಹೆಚ್ಚು. ಹಾಗೆ ಮಾತು ಕೇಳುವಾಗ ಪಕ್ಕದಲ್ಲಿ ಒಬ್ಬರು ಗಟ್ಟಿಯಾಗಿ ನಿಂತರೆ ಮುಂದಿನ ಸಲವೂ ಅವರು ನಿಲ್ಲಿಸುತ್ತಾರೆ.

ನನ್ನ ವಯಸ್ಸಿನವರಲ್ಲಿ ಒಂದು ವಿನಂತಿ. ಮಳೆಯಲ್ಲಿ ಮಕ್ಕಳು ದಾರಿಯಲ್ಲಿದ್ದಾಗ ಫೋನ್ ಮಾಡಿ "ಎಲ್ಲಿದ್ದೀರಿ, ಇನ್ನೂ ಎಷ್ಟು ಹೊತ್ತು?" ಎಂದು ಕೇಳಬೇಡಿ. ಆ ಒಂದು ಪ್ರಶ್ನೆಗೆ ಕಾರಿನ ವೇಗ ಹತ್ತು ಕಿಲೋಮೀಟರ್ ಏರುತ್ತದೆ. ಹೊರಡುವ ಮೊದಲೇ "ತಡವಾದರೆ ತಡವಾಗಲಿ, ಊಟ ಎತ್ತಿಡುತ್ತೇವೆ" ಎಂದು ಹೇಳಿಬಿಡಿ. ಮಕ್ಕಳೇ, ನಿಮಗೂ ಒಂದು ಮಾತು. ಬೆಲ್ಟು ಹಾಕಿಕೊಳ್ಳಿ, ಹಿಂದೆ ಕೂತು ನಾಲ್ಕು ಸೆಕೆಂಡ್ ಎಣಿಸಿ, ಹೆದರಿಕೆಯಾದರೆ "ನಿಧಾನ" ಎಂದು ಬಾಯಿಬಿಟ್ಟು ಹೇಳಿ. ದೊಡ್ಡವರಿಗೆ ಹೇಳುವುದು ಹೇಗೆಂದು ಸುಮ್ಮನಿರಬೇಡಿ.

ತಂಗಿ ಹದಿನೈದು ದಿನ ಫೋನ್ ಮಾಡಲಿಲ್ಲ. ಆಮೇಲೊಂದು ದಿನ ಮಾಡಿ, ಮಗು ಬೆಳ್ಳಿ ಬಟ್ಟಲನ್ನು ನೆಲಕ್ಕೆ ಬಡಿಯುವ ಸದ್ದು ಕೇಳಿಸಿದಳು. ಕೊನೆಗೆ, "ಮುಂದಿನ ಸಲ ಮಳೆ ಜೋರಿದ್ದರೆ ಆಗುಂಬೆಯಲ್ಲೇ ನಿಂತುಕೊಳ್ಳಿ ಅಣ್ಣ" ಎಂದಳು. ಕಾರಿಗೆ ಈ ವರ್ಷ ಹೊಸ ವೈಪರ್ ರಬ್ಬರ್ ಹಾಕಿಸಿದ್ದೇವೆ. ಕೆಲವು ನೂರು ರೂಪಾಯಿಯ ವಸ್ತು. ಮಳೆ ಹಿಡಿಯುವ ಮೊದಲು ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ.